ಎರೆ ನೆಲದ ಅಂಗಳಕ್ಕೆ ಯಾವ ಗಿಡ?

ಕರ್ನಾಟಕದ ಗಡಿಗೆ ಹತ್ತಿರದ ಮಹಾರಾಷ್ಟ್ರದ ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಊರುಗಳ ಅಂಚಿನಲ್ಲಿ ಈಗ ಏಳುತ್ತಿರುವ ಮನೆಗಳಿಗೆ ಹೆಚ್ಚುಕಡಿಮೆ ಒಂದೇ ರೂಪ. ಕಬ್ಬಿಣದ ಗೇಟು, ಗೇಟಿನಿಂದ ಮೆಟ್ಟಿಲವರೆಗೆ ಕಾರೋ ಟ್ರ್ಯಾಕ್ಟರೋ ಹೋಗುವಷ್ಟು ಅಗಲದ ದಾರಿ, ಅದರ ಎರಡೂ ಮಗ್ಗುಲಿಗೆ ಎರಡು ಮೂರು ಅಡಿ ಖಾಲಿ ನೆಲ. ಮಳೆ ಹಿಡಿದೊಡನೆ ಸಸಿ ಹೇರಿಕೊಂಡ ಟೆಂಪೊ ಓಣಿಗೆ ಬರುತ್ತದೆ. ಅದರಿಂದ ಕ್ರೋಟನ್, ಇಕ್ಸೋರಾ, ಅರೇಕಾ ಪಾಮ್, ಡುರಾಂಟಾ ಇಳಿಯುತ್ತವೆ. ಕೈಯಲ್ಲಿ ಕಾಸಿದ್ದವರು ಲಾನ್ ಹುಲ್ಲನ್ನೂ ಹಾಸಿಸಿಕೊಳ್ಳುತ್ತಾರೆ. ಶ್ರಾವಣದಲ್ಲಿ ಅಂಗಳ ಕಣ್ಣು ತುಂಬುತ್ತದೆ. ಯುಗಾದಿ ಹೊತ್ತಿಗೆ ಪಾಮಿನ ಎಲೆತುದಿ ಕಂದಿ ಸುಟ್ಟಿರುತ್ತದೆ, ಇಕ್ಸೋರಾ ಹಳದಿಯಾಗಿರುತ್ತದೆ, ಹುಲ್ಲು ಹೋಗಿರುತ್ತದೆ. ಮನೆಯವರು ತಮ್ಮ ಆರೈಕೆಯೇ ಸಾಲಲಿಲ್ಲ ಎಂದು ನೊಂದುಕೊಳ್ಳುತ್ತಾರೆ. ಅವರ ತಪ್ಪು ಅಲ್ಲಿಲ್ಲ. ಆ ಗಿಡಗಳು ಈ ನೆಲಕ್ಕೆ ಹೇಳಿದವೇ ಅಲ್ಲ.

ಇಲ್ಲಿ ಅಂಗಳದ ಗಿಡವನ್ನು ನಿರ್ಧರಿಸಬೇಕಾದವು ಮೂರು: ಎರೆ ಮಣ್ಣು, ಬೇಸಿಗೆಯ ನೀರು, ಮನೆ ಮುಂದೆ ಕಟ್ಟಿದ ದನ. ಹೂವಿನ ಬಣ್ಣದ ಮಾತು ಆಮೇಲಿನದು. ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಿದವರು ಕಡಿಮೆ. ಪುಣೆ, ಬೆಂಗಳೂರಿನ ಕಡೆಯಿಂದ ಬರುವ ತೋಟದ ಪುಸ್ತಕಗಳಲ್ಲಿ ಮೊದಲನೆಯದು ಅರ್ಧ ಬರುತ್ತದೆ, ಮೂರನೆಯದು ಬರುವುದೇ ಇಲ್ಲ.

ಮನೆಯ ಮುಂದೆ ಹೀಗೆ ತೆರೆದ ಜಾಗ ಬಿಡುವುದು ಈ ಭಾಗಕ್ಕೆ ಹೊಸದು ಎಂಬುದನ್ನೂ ನೆನಪಿಡಬೇಕು. ಹಳೆಯ ವಾಡೆಗಳು ಬೀದಿಗೆ ಬೆನ್ನು ಕೊಟ್ಟು ಒಳಗೆ ಚೌಕ ಇಟ್ಟುಕೊಂಡವು. ತುಳಸಿ ಕಟ್ಟೆ ಒಳಗೆ, ಬಾವಿಯೋ ಬಚ್ಚಲೋ ಇದ್ದ ಕಡೆ ಒಂದಿಷ್ಟು ಹೂಗಿಡ, ಹಿತ್ತಲಲ್ಲಿ ನುಗ್ಗೆ, ಕರಿಬೇವು. ಹೊರಗಿನ ಗೋಡೆ ಬೋಳು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಕಳಿಸಿ ಮಲಗಿದ್ದ ಊರುಗಳನ್ನು ಕಿಲ್ಲಾರಿಯ ಭೂಕಂಪ ಕೆಡವಿದಾಗ ಕಲ್ಲು ಮಣ್ಣಿನ ದಪ್ಪ ಗೋಡೆಗಳೂ ಭಾರದ ಮಣ್ಣಿನ ಮಾಳಿಗೆಗಳೂ ಜನರ ಮೇಲೆ ಬಿದ್ದವು. ಸತ್ತವರು ಹತ್ತು ಸಾವಿರದ ಹತ್ತಿರ ಹತ್ತಿರ. ಆಮೇಲೆ ಲಾತೂರು, ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಎಷ್ಟೋ ಹಳ್ಳಿಗಳು ಜಾಗ ಬದಲಿಸಿದವು. ನೇರ ರಸ್ತೆ, ಅಳತೆಯ ಪ್ಲಾಟು, ಪ್ಲಾಟಿನ ನಡುವೆ ಸಣ್ಣ ಮನೆ. ಒಳಚೌಕ ಹೋಗಿ ಹೊರ ಅಂಗಳ ಬಂತು. ಊರು ಬಿಟ್ಟು ಬಯಲಿಗೆ ಬಂದ ಆ ಜನಕ್ಕೆ ನೆರಳು ಇರಲಿಲ್ಲ, ಮನೆಗೂ ಬೀದಿಗೂ ನಡುವೆ ಮರೆ ಇರಲಿಲ್ಲ. ಗಿಡ ಅವರಿಗೆ ಅಲಂಕಾರವಾಗಿರಲಿಲ್ಲ, ಅಗತ್ಯವಾಗಿತ್ತು. ಇಂದಿನ ಹೊಸ ಬಡಾವಣೆಗಳಲ್ಲೂ ಅಗತ್ಯ ಅದೇ.

ಮಣ್ಣಿನಿಂದ ಆರಂಭಿಸೋಣ. ಮಾಂಜ್ರಾ, ತೇರ್ಣಾ ನದಿಗಳ ಈ ಬಯಲು ದಖ್ಖನ್ನಿನ ಕಪ್ಪು ಬಸಾಲ್ಟ್ ಕಲ್ಲು ಕರಗಿ ಆದ ಎರೆ. ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಬಿಟ್ಟ ಬಿರುಕಿನೊಳಗೆ ಮುಷ್ಟಿ ಹೋಗುತ್ತದೆ. ಬಿರುಕು ಬಿಡುವಾಗ ಮೇಲಿನ ತೆಳು ಬೇರುಗಳೆಲ್ಲ ಹರಿಯುತ್ತವೆ. ಆಗಸ್ಟ್‌ನಲ್ಲಿ ತೊಂದರೆ ತಿರುವುಮುರುವಾಗಿ, ನೀರು ಕೆಳಗಿಳಿಯದೆ ನಿಂತು ಬೇರು ಕೊಳೆಯುತ್ತದೆ. ಅಂದರೆ ಇಲ್ಲಿ ಬದುಕುವ ಗಿಡ ಎರಡು ವಿರುದ್ಧ ಕಷ್ಟಗಳನ್ನು ಒಂದೇ ವರ್ಷದಲ್ಲಿ ತಾಳಬೇಕು. ಬೇಸಿಗೆ ತಾಳುತ್ತದೆ ಎಂದು ಕಳ್ಳಿ ಜಾತಿಗಳನ್ನು ತಂದು ನೆಟ್ಟು, ಮೊದಲ ಮಳೆಗಾಲಕ್ಕೇ ಅವು ಬುಡದಲ್ಲಿ ಮೆತ್ತಗಾದಾಗ ಜನ ಬೆರಗಾಗುತ್ತಾರೆ.

ಎರೆಯಲ್ಲಿ ಸುಣ್ಣವೂ ಬಹಳ. ಮಣ್ಣು ಕ್ಷಾರ, ಕೊಳವೆ ಬಾವಿಯ ನೀರು ಗಡಸು. ಸುಣ್ಣದ ನೆಲದಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಎಟುಕುವುದಿಲ್ಲ. ಇಕ್ಸೋರಾ, ಗಾರ್ಡೇನಿಯಾ, ಎಷ್ಟೋ ಸಲ ದಾಸವಾಳ ಕೂಡ ಎಲೆಯ ನರ ಮಾತ್ರ ಹಸಿರು ಉಳಿಸಿಕೊಂಡು ಉಳಿದದ್ದೆಲ್ಲ ಹಳದಿಯಾಗುವುದು ಇದರಿಂದಲೇ. ಅಂಗಡಿಯವರು ಅನ್ನಭೇದಿ ಹಾಕಿ ಅನ್ನುತ್ತಾರೆ. ಬುಡಕ್ಕೆ ಸುರಿದ ಅನ್ನಭೇದಿಯನ್ನೂ ಈ ಮಣ್ಣು ಬೇಗ ಕಟ್ಟಿಹಾಕುತ್ತದೆ. ಎಲೆಗೆ ಸಿಂಪಡಿಸಿದರೆ ಕೆಲವು ವಾರ ಹಸಿರು, ಹೊಸ ಚಿಗುರಿಗೆ ಮತ್ತೆ ಅದೇ ಗೋಳು. ವರ್ಷವಿಡೀ ಔಷಧ ಬೇಡುವ ಗಿಡವನ್ನು ಆರೈಕೆ ಬೇಡದ ಗಿಡ ಎಂದು ಮಾರುವುದು ಸರಿಯಲ್ಲ. ಬೀದರಿನ ಕಡೆ ಜಂಬಿಟ್ಟಿಗೆಯ ಕೆಂಪು ಮಣ್ಣಿದ್ದಲ್ಲಿ ಇದೇ ಇಕ್ಸೋರಾ ಹಸಿರಾಗಿ ನಿಂತೀತು. ಎರೆ ಮಣ್ಣಿನವರು ಅದನ್ನು ನೋಡಿ ಆಸೆಪಡಬಾರದು.

ಮಣ್ಣಿನ ಇನ್ನೊಂದು ಗುಣವನ್ನು ಗಿಡ ಮಾರುವವರೂ ಹೇಳುವುದಿಲ್ಲ, ಮನೆ ಕಟ್ಟುವವರೂ ಹೇಳುವುದಿಲ್ಲ. ಎರೆ ನೆಲದ ಮೇಲಿನ ಮನೆ, ದಾರಿ, ಕಾಂಪೌಂಡು ಗೋಡೆ ಎಲ್ಲವೂ ಆ ಮಣ್ಣು ಹಿಗ್ಗಿ ಕುಗ್ಗುವುದರ ಮೇಲೆ ಕುಳಿತಿವೆ. ಎಲ್ಲ ಕಡೆ ಒಂದೇ ಸಮ ಹಿಗ್ಗಿದರೆ ಅಷ್ಟು ಕೇಡಿಲ್ಲ. ದಾರಿಯ ಒಂದು ಅಂಚಿಗೆ ಲಾನ್ ಹಾಸಿ ದಿನಾ ನೀರು ಬಿಟ್ಟು, ಇನ್ನೊಂದು ಅಂಚನ್ನು ಒಣಗಲು ಬಿಟ್ಟರೆ ಒಂದು ಬದಿ ಏಳುತ್ತದೆ, ಇನ್ನೊಂದು ಕೂರುತ್ತದೆ. ಪೇವರ್ ಇಟ್ಟಿಗೆಗಳು ಬಾಯಿಬಿಡುತ್ತವೆ, ಗೋಡೆಯಲ್ಲಿ ಓರೆ ಬಿರುಕು ಏಳುತ್ತದೆ. ದೊಡ್ಡ ಮರವನ್ನು ಗೋಡೆಗೆ ತಾಗಿಸಿ ನೆಟ್ಟರೂ ಅಷ್ಟೆ, ಅದು ಬೇಸಿಗೆಯಲ್ಲಿ ಅಡಿಪಾಯದ ಕೆಳಗಿನ ತೇವ ಹೀರುತ್ತದೆ. ಬೇವು, ಅರಳಿ, ಫೈಕಸ್ ಜಾತಿಗಳನ್ನು ಅವು ಬೆಳೆದಾಗ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಇಡುವುದು ಕ್ಷೇಮ. ಹಾಗಾಗಿ ನೀರು ಬೇಡದ ಕುಳ್ಳ ಗಿಡ ಆರಿಸಿಕೊಂಡವನು ನೀರಿನ ಬಿಲ್ಲಿನ ಜೊತೆಗೆ ಮನೆಯನ್ನೂ ಉಳಿಸಿಕೊಳ್ಳುತ್ತಾನೆ. ಈ ಇಡೀ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಸಂಗತಿ ಇದು.

ಇನ್ನು ನೀರು. ಲಾತೂರು ಜಿಲ್ಲೆಯ ಮಳೆ ವರ್ಷಕ್ಕೆ ಸುಮಾರು 700ರಿಂದ 800 ಮಿಲಿಮೀಟರ್; ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ, ಕೆಲವು ವರ್ಷ ಅದೂ ಇಲ್ಲ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ರೈಲಿನಲ್ಲಿ ಲಾತೂರಿಗೆ ಕುಡಿಯುವ ನೀರು ಬಂದದ್ದನ್ನು ದೇಶವೆಲ್ಲ ನೋಡಿತು. ಮೊದಲ ಗಾಡಿಯಲ್ಲಿ ಹತ್ತು ವ್ಯಾಗನ್, ಐದು ಲಕ್ಷ ಲೀಟರ್. ಆ ಬೇಸಿಗೆ ಕಂಡವರು ಅಂಗಳದ ಲೆಕ್ಕವನ್ನು ಬೇರೆ ರೀತಿ ಮಾಡಬೇಕು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಇಪ್ಪತ್ತು ಅಡಿಗೆ ಇಪ್ಪತ್ತೈದು ಅಡಿಯ ಲಾನು ಸುಮಾರು 46 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಕೊಟ್ಟರೂ 230 ಲೀಟರ್, ತಿಂಗಳಿಗೆ ಏಳು ಸಾವಿರ. ಐದು ಸಾವಿರ ಲೀಟರಿನ ಟ್ಯಾಂಕರ್ ಒಂದು ಸಾಲದು. ಬೇರೂರಿದ ಇಪ್ಪತ್ತು ಪೊದೆಗಳಿಗೆ ಹದಿನೈದು ದಿನಕ್ಕೊಮ್ಮೆ ತಲಾ ಹತ್ತು ಲೀಟರ್ ಹಾಕಿದರೆ ತಿಂಗಳಿಗೆ ನಾನೂರು ಲೀಟರಿನಲ್ಲಿ ಮುಗಿಯುತ್ತದೆ. ಸಾವಿರ ಚದರ ಅಡಿ ಚಾವಣಿಯ ಮೇಲೆ ಒಂದು ರಾತ್ರಿ 25 ಮಿಲಿಮೀಟರ್ ಮಳೆ ಬಿದ್ದರೆ 2,300 ಲೀಟರ್ ಇಳಿದುಬರುತ್ತದೆ. ಅದನ್ನು ಗಟಾರಕ್ಕೆ ಬಿಟ್ಟು ಮಾರ್ಚಿನಲ್ಲಿ ಟ್ಯಾಂಕರ್ ಕರೆಸುವುದನ್ನು ಓಣಿ ಓಣಿಯಲ್ಲಿ ಕಾಣುತ್ತೇವೆ. ಅಡಿಗೆಮನೆಯ ಆರ್‌ಒ ಯಂತ್ರ ಹೊರಹಾಕುವ ಉಪ್ಪು ನೀರು ಬೂಗನ್‌ವಿಲ್ಲಾ ಬುಡಕ್ಕೆ ನಡೆದೀತು, ಮಲ್ಲಿಗೆಗೆ ಬೇಡ.

ಮೂರನೆಯದು ದನ. ದೇವಣಿ ಅಂದರೆ ದೇಶಕ್ಕೆ ಗೊತ್ತಿರುವುದು ಹೋರಿ, ಆಕಳು. ಬಿಳಿ ಮೈಯ ವಾನೇರಾ, ಬಾಲಂಕ್ಯಾ, ಕಪ್ಪು ಮಚ್ಚೆಯ ಶೇವೇರಾ ಎಂದು ಮೂರು ಬಗೆಯಲ್ಲಿ ಗುರುತಿಸುವ ಈ ತಳಿ ಗಡಿಯ ಆಚೆ ಬೀದರಿನಲ್ಲೂ ಮನೆಮಾತು. 1956ರವರೆಗೆ ಉದಗೀರ, ನಿಲಂಗಾ ಬೀದರ ಜಿಲ್ಲೆಯಲ್ಲೇ ಇದ್ದವು, ದನದ ಸಂತೆಗೆ ಗಡಿ ಈಗಲೂ ಇಲ್ಲ. ಗೇಟು ತೆರೆದಿದ್ದರೆ ಆಡು ಒಳಗೆ, ಸಂಜೆ ಮೇಯಿಸಿಕೊಂಡು ಬರುವ ಆಕಳು ದಾರಿಯ ಅಂಚಿಗೆ ಬಾಯಿ ಹಾಕುವುದು ನಿತ್ಯದ್ದು. ಆದ್ದರಿಂದ ದನ ಮುಟ್ಟದ ಗಿಡ ಬೇಕು. ದನ ಮುಟ್ಟದ ಗಿಡಗಳಲ್ಲಿ ಬಹಳಷ್ಟು ವಿಷದ ಗಿಡಗಳು. ಕಷ್ಟ ಇರುವುದು ಇಲ್ಲಿ.

ಕಣಗಲವನ್ನೇ ನೋಡಿ. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ವರ್ಷವೆಲ್ಲ ಗುಲಾಬಿ ಹೂ ಬಿಡುವುದು ಅದೇ. ಬಿಸಿಲು, ಉಪ್ಪು, ಹೊಗೆ, ಸುಣ್ಣ ಯಾವುದಕ್ಕೂ ಜಗ್ಗದು. ಶಿವನಿಗೆ ಏರುವ ಹೂವು, ಶಿವಾಲಯಗಳ ಅಂಗಳದಲ್ಲಿ ಹಿಂದಿನಿಂದ ಇದೆ. ನೀರು, ಮಣ್ಣು ಎರಡರ ಪರೀಕ್ಷೆಯಲ್ಲೂ ಮೊದಲ ಸ್ಥಾನ ಅದಕ್ಕೇ. ಆದರೆ ಅದರ ಎಲೆ, ತೊಗಟೆ, ಬೇರು ಎಲ್ಲವೂ ಹೃದಯದ ಬಡಿತ ಕೆಡಿಸುವ ವಿಷ. ಕೆಲವೇ ಹಿಡಿ ಎಲೆ ಒಂದು ಆಕಳನ್ನು ಕೊಲ್ಲಬಲ್ಲದು. ಹಸಿ ಎಲೆ ಕಹಿ ಎಂದು ದನ ಬಿಟ್ಟರೂ, ಕತ್ತರಿಸಿ ಬಿಸಾಡಿದ ಟೊಂಗೆ ಒಣಗಿ ಮೇವಿನ ಜೊತೆ ಸೇರಿದಾಗ ಬಿಡುವುದಿಲ್ಲ. ಒಣಗಿದ ಮೇಲೂ ವಿಷ ಹೋಗುವುದಿಲ್ಲ. ಆ ಟೊಂಗೆಯನ್ನು ಬಚ್ಚಲ ಒಲೆಗೆ ಹಾಕಿದರೆ ಹೊಗೆಯೂ ಕೆಟ್ಟದ್ದು. ಹಳದಿ ಕಣಗಲದ ಬೀಜ ಮಕ್ಕಳ ಆಟಕ್ಕೆ ಸಿಗುವಂಥದ್ದು, ಅದು ಇನ್ನೂ ಅಪಾಯ. ನನ್ನ ನಿಲುವು ಸ್ಪಷ್ಟ: ದನ ಕಟ್ಟುವ ಮನೆಯ ಗಾಡಿದಾರಿಯ ಅಂಚಿಗೆ ಕಣಗಲದ ಸಾಲು ಬೇಡವೇ ಬೇಡ. ಪೂಜೆಗೆ ಬೇಕಿದ್ದರೆ ಗೋಡೆಯ ಒಳಮೂಲೆಯಲ್ಲಿ ಒಂದೇ ಗಿಡ ಇರಲಿ, ಸವರಿದ್ದನ್ನು ಹುಗಿಯಬೇಕು. ಪಟ್ಟಣದ ಬಡಾವಣೆಯಲ್ಲಿ ದನವಿಲ್ಲ ಅನ್ನುವವರೂ ಕಸದ ಗಾಡಿ ಖಾಲಿಯಾಗುವ ಜಾಗದಲ್ಲಿ ಯಾರ ದನ ಮೇಯುತ್ತದೆ ಎಂದು ಯೋಚಿಸಬೇಕು.

ಹಾಗಾದರೆ ಅಂಚಿಗೆ ಏನು? ನನ್ನ ಮೊದಲ ಆಯ್ಕೆ ಗೊರಟೆ. ಮರಾಠಿಯವರ ಕೋರಾಂಟಿ. ಹಳದಿ ಹೂವಿನ ಮುಳ್ಳು ಗೊರಟೆ ನಮ್ಮ ಬದು, ಹಳ್ಳದ ದಂಡೆಗಳಲ್ಲಿ ತಾನಾಗಿ ಬೆಳೆಯುವ ಗಿಡ. ಮೊಳಕಾಲಿನಿಂದ ಸೊಂಟದೆತ್ತರ, ಮುಳ್ಳಿಗೆ ಆಡು ಹೆದರುತ್ತದೆ, ಚಳಿಗಾಲದಲ್ಲಿ ಮೈತುಂಬ ಹೂ. ಮುಳ್ಳು ಬೇಡ ಅನ್ನುವವರಿಗೆ ನೇರಳೆ, ಬಿಳಿ ಹೂವಿನ ಡಿಸೆಂಬರ್ ಗೊರಟೆ ಇದೆ. ವರ್ಷಕ್ಕೆ ಒಂದು ಸಲ, ಹೂ ಮುಗಿದ ಮೇಲೆ ಸವರಿದರೆ ಸಾಕು. ಇಷ್ಟು ಒಳ್ಳೆಯ ಗಿಡ ಸಸಿ ಅಂಗಡಿಗಳಲ್ಲಿ ಅಷ್ಟಾಗಿ ಕಾಣದಿರುವುದು ನನಗೆ ಬೇಸರದ ಸಂಗತಿ. ಪರದೇಶದ ಡುರಾಂಟಾ ಎಲ್ಲ ಕಡೆ ಇದೆ. ಅದು ಮಳೆಗಾಲವೆಲ್ಲ ಕತ್ತರಿ ಬೇಡುತ್ತದೆ, ಬೇಸಿಗೆಯೆಲ್ಲ ನೀರು ಬೇಡುತ್ತದೆ.

ದಾರಿಯ ಅಂಚು ಮಳೆಗೆ ಕೊಚ್ಚುವಲ್ಲಿ ಲಾವಂಚಕ್ಕೆ ಸಾಟಿಯಿಲ್ಲ. ಬೇರು ಮೂರು ಮೀಟರ್‌ವರೆಗೂ ನೇರ ಕೆಳಗೆ ಇಳಿಯುತ್ತದೆ, ಮಗ್ಗುಲಿಗೆ ಹಬ್ಬಿ ಪೇವರ್ ಎಬ್ಬಿಸುವುದಿಲ್ಲ. ಕರ್ನಾಟಕದ ಗುಂಡ್ಲುಪೇಟೆ ಕಡೆಯ ರೈತರು ಹಿಂದಿನಿಂದಲೂ ಹೊಲದ ಬದುವಿಗೆ ಲಾವಂಚದ ಸಾಲು ಇಟ್ಟುಕೊಂಡವರು. ಮಣ್ಣು ಉಳಿಸಲು ಅದನ್ನು ಹಲವು ದೇಶಗಳಿಗೆ ಒಯ್ದ ತಜ್ಞರು ಅವರಿಂದ ಕಲಿತರು. ಎಳೆ ಗರಿಯನ್ನು ದನ ತಿನ್ನುತ್ತದೆ, ತಿಂದರೂ ದನಕ್ಕೂ ಕೇಡಿಲ್ಲ, ಗಿಡಕ್ಕೂ ಕೇಡಿಲ್ಲ. ಕೊಯ್ದದ್ದನ್ನು ನಿರ್ಭಯವಾಗಿ ಗ್ವಾದಲಿಗೆ ಹಾಕಬಹುದಾದ ಅಂಚು ಎಂದರೆ ಇದು. ಗವತಿ ಚಹಾ ಎಂಬ ನಿಂಬೆಹುಲ್ಲನ್ನೂ ಇದೇ ಸಾಲಿನಲ್ಲಿ ಬಚ್ಚಲ ಕಡೆಯ ತುದಿಗೆ ಸೇರಿಸಬಹುದು, ಅದಕ್ಕೆ ಸ್ವಲ್ಪ ಹೆಚ್ಚು ತೇವ ಬೇಕು.

ಸದಾಪುಷ್ಪ, ನಂದಿಬಟ್ಟಲ ಎರಡೂ ಎರೆಗೆ ಹೊಂದುತ್ತವೆ. ಸದಾಪುಷ್ಪ ಬೀಜ ಉದುರಿಸಿ ತಾನೇ ಮರುಹುಟ್ಟುತ್ತದೆ; ಮಳೆ ನೀರು ನಿಲ್ಲುವಲ್ಲಿ ಮಾತ್ರ ಕೊಳೆಯುತ್ತದೆ. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಈ ಗಿಡದ್ದು. ಎರಡೂ ಕಣಗಲದ ಕುಟುಂಬದವೇ, ಅಷ್ಟು ಕ್ರೂರವಲ್ಲದಿದ್ದರೂ ಮೇವಲ್ಲ ಎಂಬುದು ನೆನಪಿರಲಿ. ಗುಲಬಕ್ಷಿಯ ಗೆಡ್ಡೆ ಬೇಸಿಗೆಯಲ್ಲಿ ನೆಲದೊಳಗೆ ಮಲಗಿ ಮೊದಲ ಮಳೆಗೆ ಏಳುತ್ತದೆ, ರೈನ್ ಲಿಲ್ಲಿಯೂ ಹಾಗೆಯೇ. ಬಿರುಕು ಬಿಡುವ ನೆಲದಲ್ಲಿ ಬೇಸಿಗೆಯನ್ನು ಮಲಗಿ ಕಳೆಯುವ ಗಿಡಗಳಿಗೆ ಹೆಚ್ಚು ಬೆಲೆ ಕೊಡಬೇಕು. ಮಾರ್ಚಿನಿಂದ ಮೇವರೆಗೆ ಅಂಗಳ ಸ್ವಲ್ಪ ಬೋಳಾಗಿ ಕಂಡರೆ ಕಾಣಲಿ. ನಮ್ಮ ಹೊಲ, ಗುಡ್ಡಗಳೂ ಆಗ ಹಾಗೆಯೇ ಇರುತ್ತವೆ.

ಬೂಗನ್‌ವಿಲ್ಲಾ ಅಂದರೆ ಕಾಗದದ ಹೂವಿನ ಬಳ್ಳಿಗೆ ನೀರು ಕಡಿಮೆಯಾದಷ್ಟೂ ಹೂ ಹೆಚ್ಚು. ದಿನಾ ನೀರು ಕೊಟ್ಟರೆ ಬರೀ ಎಲೆ. ಅದನ್ನು ದಾರಿಯಿಂದ ನಾಲ್ಕಡಿ ಆಚೆ ಕಾಂಪೌಂಡಿನ ಮೂಲೆಗೆ ಹಚ್ಚಬೇಕು, ಸವರಿದ ಮುಳ್ಳು ದಾರಿಯಲ್ಲಿ ಬಿದ್ದರೆ ಬೈಕಿನ ಗಾಲಿ ಪಂಕ್ಚರ್. ಗೇಟಿನ ಹತ್ತಿರ ಮೊಳಕಾಲಿಗಿಂತ ಎತ್ತರದ್ದು ಏನೂ ಬೇಡ. ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯುವಾಗ ಆಡುವ ಮಗು ಕಾಣಬೇಕು. ಹೊಸ್ತಿಲ ಸುತ್ತ ಎರಡು ಮೂರಡಿ ಬರೀ ಮುರುಮು ಇರಲಿ; ಹಾವು ಚೇಳಿನ ಭಯ ಕಾಲ್ಪನಿಕವಲ್ಲ.

ಬೇಲಿಗೆ ಮೆಹಂದಿಯಷ್ಟು ಪಳಗಿದ ಗಿಡ ಮತ್ತೊಂದಿಲ್ಲ, ಬರದಲ್ಲಿ ಎಲೆ ಉದುರಿಸಿ ಮತ್ತೆ ಚಿಗುರುತ್ತದೆ, ಮನೆಯ ಹೆಣ್ಣುಮಕ್ಕಳಿಗೆ ಹಬ್ಬಕ್ಕೆ ಎಲೆ ಸಿಗುತ್ತದೆ. ಸಣ್ಣ ಮರ ಬೇಕೆಂದರೆ ಸೀತಾಫಲ. ಬಾಲಾಘಾಟದ ಗುಡ್ಡಗಳಲ್ಲಿ ಯಾರ ನೀರೂ ಇಲ್ಲದೆ ಬೆಳೆದ ಇದರ ಎಲೆಯನ್ನು ಆಡು ಕೂಡ ಬಿಡುತ್ತದೆ. ಬೀಡಿನ ಸೀತಾಫಲಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಪಾರಿಜಾತ, ಬಿಲ್ಪತ್ರಿ ಕೂಡ ಇದೇ ಸಾಲಿನವು. ಲಿಂಗಪೂಜೆಯ ಮನೆಗೆ ಬಿಲ್ಪತ್ರಿ ಹೇಗೂ ಬೇಕು, ಗೋಡೆಯಿಂದ ದೂರ ಇದ್ದರಾಯಿತು.

ಬೇಡದವುಗಳ ಬಗ್ಗೆ ಎರಡು ಮಾತು. ಗೋಡೆಯಂತೆ ದಟ್ಟವಾಗಿ ಬೇಗ ಏಳುತ್ತದೆ ಎಂದು ಕಾನೊಕಾರ್ಪಸ್ ಮಾರುತ್ತಾರೆ. ಬೇರು ಪೈಪು ಒಡೆಯುತ್ತದೆ, ಪರಾಗದಿಂದ ಅಲರ್ಜಿ ಬರುತ್ತದೆ ಎಂಬ ಕಾರಣಕ್ಕೆ ಗುಜರಾತ್ ಸರಕಾರ 2023ರಲ್ಲಿ ಅದನ್ನು ನೆಡುವುದನ್ನು ನಿಷೇಧಿಸಿತು, ಪಕ್ಕದ ತೆಲಂಗಾಣವೂ ನಿಲ್ಲಿಸಿತು. ಲಂಟಾನ ದನಕ್ಕೆ ವಿಷ, ಊರಿಗೆ ಕಳೆ. ಏನೂ ನೆಡದೆ ಬಿಡುತ್ತೇನೆ ಅಂದರೆ ಅದೂ ಆಗದು: ಖಾಲಿ ನೆಲ ಕಾಂಗ್ರೆಸ್ ಕಸಕ್ಕೆ ಆಹ್ವಾನ, ಅದರ ತುರಿಕೆ, ಉಬ್ಬಸ ಎಲ್ಲರಿಗೂ ಗೊತ್ತು. ಎಲ್ಲಕ್ಕೂ ಕಾಂಕ್ರೀಟ್ ಸುರಿದರೆ ರಾತ್ರಿಯೂ ಮನೆ ಕಾಯುತ್ತದೆ, ಮಳೆ ನೀರು ಬೀದಿಗೆ ಹೋಗುತ್ತದೆ.

ಬಿಸಿಲು ನಾಡುಗಳು ಈ ಪ್ರಶ್ನೆಯನ್ನು ಮೊದಲೇ ಎದುರಿಸಿವೆ. ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಇಲಾಖೆ 1981ರಲ್ಲೇ ಕಡಿಮೆ ನೀರಿನ ತೋಟದ ಪ್ರಚಾರ ಆರಂಭಿಸಿತು. ನೆವಾಡಾ ರಾಜ್ಯ 2021ರಲ್ಲಿ ಕಾನೂನು ತಂದು ಲಾಸ್ ವೇಗಸ್ ಸುತ್ತ ಒಂಟಿ ಮನೆಗಳ ಅಂಗಳ ಬಿಟ್ಟು ಉಳಿದೆಡೆ ನೋಟಕ್ಕಷ್ಟೇ ಇರುವ ಹುಲ್ಲುಹಾಸುಗಳನ್ನು ತೆಗೆಸಲು ಗಡುವು ಇಟ್ಟಿತು. ಸಮಾನ ನೀರು ಬೇಡುವ ಗಿಡಗಳನ್ನು ಒಂದೇ ಕಡೆ ಇಡಬೇಕು, ಮಣ್ಣಿಗೆ ಹೊದಿಕೆ ಕೊಡಬೇಕು ಎಂಬ ಅವರ ಪಾಠ ನಮಗೂ ಸಲ್ಲುತ್ತದೆ. ಅವರ ಜಲ್ಲಿಕಲ್ಲು, ಕಳ್ಳಿಯ ತೋಟ ಸಲ್ಲುವುದಿಲ್ಲ. ಅದು ಮರುಭೂಮಿಯ ಉತ್ತರ. ನಮಗೆ ನಾಲ್ಕು ತಿಂಗಳು ಕೆಸರು ಉಂಟು.

ನೆಡುವ ಕ್ರಮದಲ್ಲಿ ಜನ ತಪ್ಪುವುದು ಗುಂಡಿಯಲ್ಲಿ. ಎರೆಯಲ್ಲಿ ಆಳ ಗುಂಡಿ ತೋಡಿ ಅದಕ್ಕೆ ಸಡಿಲ ಮಣ್ಣು ತುಂಬಿದರೆ ಸುತ್ತಲಿನ ನೀರೆಲ್ಲ ಬಂದು ಅಲ್ಲೇ ನಿಲ್ಲುತ್ತದೆ. ಗುಂಡಿಗಿಂತ ಏರುಮಡಿ ಮೇಲು: ಅರ್ಧದಿಂದ ಮುಕ್ಕಾಲು ಅಡಿ ಎತ್ತರ, ಅಲ್ಲಿನದೇ ಮಣ್ಣಿಗೆ ಮುರುಮು, ಕೊಳೆತ ತಿಪ್ಪೆಗೊಬ್ಬರ ಕೂಡಿಸಿದ್ದು. ಮಿರಗದ (ಮೃಗಶಿರಾ) ಮಳೆ ಒಂದೆರಡು ಬಿದ್ದು ನೆಲ ಹದವಾದ ಮೇಲೆ ನೆಡಬೇಕು. ದೀಪಾವಳಿ ಆಗುತ್ತಲೇ, ಬಿರುಕು ಬಿಡುವ ಮೊದಲು, ಹೊದಿಕೆ ಹಾಸಬೇಕು. ಕಬ್ಬಿನ ರವದಿ, ಸೋಯಾ ಹೊಟ್ಟು, ತೊಗರಿಯ ಒಕ್ಕಲ ಕಸ ಇಲ್ಲಿ ಧಾರಾಳ. ರಾಶಿಯ ದಿನಗಳಲ್ಲಿ ಅದಕ್ಕೆ ಬೆಂಕಿ ಇಡುವ ಬದಲು ಅಂಗಳಕ್ಕೆ ತನ್ನಿ. ಗೆದ್ದಲಿನ ಕಾರಣಕ್ಕೆ ಗೋಡೆಯಿಂದ, ಕಾಂಡದಿಂದ ಒಂದು ಗೇಣು ಬಿಟ್ಟು ಹರಡಬೇಕು. ಮೊದಲ ಎರಡು ಬೇಸಿಗೆ ನೀರು ಕೊಡಲೇಬೇಕು, ಯಾವ ಗಟ್ಟಿ ಗಿಡಕ್ಕೂ ಅದರಿಂದ ವಿನಾಯಿತಿ ಇಲ್ಲ. ಬುಡದ ಪಕ್ಕ ಸಣ್ಣ ಮಣ್ಣಿನ ಗಡಿಗೆ ಹೂತು ವಾರಕ್ಕೊಮ್ಮೆ ತುಂಬಿದರೆ ಒಂದು ಹನಿಯೂ ಪೋಲಾಗದು. ಮೂರನೆಯ ವರ್ಷದಿಂದ ಗಿಡ ತನ್ನನ್ನು ತಾನು ನೋಡಿಕೊಳ್ಳುತ್ತದೆ.

ಇಲ್ಲಿ ಹೇಳಿದ ಗಿಡಗಳಲ್ಲಿ ಹೆಚ್ಚಿನವಕ್ಕೆ ದುಡ್ಡೇ ಬೇಕಿಲ್ಲ. ಗೊರಟೆ, ನಂದಿಬಟ್ಟಲ, ಮೆಹಂದಿ, ಬೂಗನ್‌ವಿಲ್ಲಾ ಎಲ್ಲವೂ ಮಳೆಗಾಲದಲ್ಲಿ ಟೊಂಗೆಯಿಂದ ಬೇರು ಬಿಡುತ್ತವೆ. ನೆರೆಮನೆಯವರನ್ನು ಕೇಳಿದರೆ ಸಾಕು. ದುಡ್ಡು ಕೊಟ್ಟು ಕೊಳ್ಳುವವರಿಗೆ ಸರಿಯಾದ ಮಾಹಿತಿ ಕೊಡುವವರು ಬೇಕು. ಪರಭಣಿಯಲ್ಲಿ ವಸಂತರಾವ್ ನಾಯ್ಕ ಮರಾಠವಾಡಾ ಕೃಷಿ ವಿದ್ಯಾಪೀಠ ಇದೆ, ಬೀದರಿನಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜು ಇದೆ. ಎರಡಕ್ಕೂ ಎರೆ ಮಣ್ಣಿನ ಪರಿಚಯ ಚೆನ್ನಾಗಿದೆ. ಇವೆರಡೂ ಕೂಡಿ ಎರೆ ನೆಲದ ಅಂಗಳಕ್ಕೆ ಹೊಂದುವ ಗಿಡಗಳ ಚೀಟಿಯೊಂದನ್ನು ಮರಾಠಿ, ಕನ್ನಡ ಎರಡರಲ್ಲೂ ಅಚ್ಚು ಹಾಕಿಸಲಿ, ಪ್ರತಿ ಸಸಿ ಅಂಗಡಿಯಲ್ಲೂ ಅದು ತೂಗಲಿ. ಕಣಗಲ, ಹಳದಿ ಕಣಗಲ, ಲಂಟಾನದ ಪ್ರತಿ ಚೀಲದ ಮೇಲೆ ದನಕ್ಕೆ ವಿಷ ಎಂದು ಕೆಂಪು ಅಕ್ಷರದಲ್ಲಿ ಬರೆದೇ ಮಾರಬೇಕೆಂದು ದೇವಣಿ, ಉದಗೀರದ ನಗರಸಭೆ, ಪಂಚಾಯಿತಿಗಳು ಬರುವ ಮಿರಗಕ್ಕೆ ಮೊದಲೇ ನಿಯಮ ಮಾಡಲಿ.